ಮೊರದಲ್ಲಿ ಹರಡದೆ ಕಲ್ಲು ಹುಡುಕಿದವರು

ಗರ್ಭಕಂಠದಿಂದ ತೆಗೆದ ಮಾದರಿಯನ್ನು ಗಾಜಿನ ಸ್ಲೈಡಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಪ್ಯಾಪ್ ಸ್ಮಿಯರ್. ಅಂಥ ಒಂದು ಸ್ಲೈಡಿನ ಮೇಲೆ ಲಕ್ಷಕ್ಕೂ ಮೀರಿ ಜೀವಕೋಶಗಳಿರಬಹುದು. ಗರ್ಭಕಂಠದ ಕ್ಯಾನ್ಸರಿನ ಸುಳಿವು ಕೊಡುವಂಥವು ಅವುಗಳಲ್ಲಿ ಕೆಲವೇ ಕೆಲವು. ಜಾರ್ಜ್ ಪಪನಿಕೊಲೌ ಮತ್ತು ಹರ್ಬರ್ಟ್ ಟ್ರೌಟ್ 1943ರಲ್ಲಿ ಈ ಪರೀಕ್ಷೆಯ ವಿವರ ಪ್ರಕಟಿಸಿದ ಮೇಲೆ ಅಮೆರಿಕದ ಲ್ಯಾಬುಗಳಲ್ಲಿ ಸ್ಲೈಡುಗಳು ರಾಶಿ ಬೀಳತೊಡಗಿದವು. ನೋಡುವ ಕಣ್ಣುಗಳು ಸಾಲಲಿಲ್ಲ.

ಹಾಗಾಗಿ 1950ರ ದಶಕದಲ್ಲೇ 'ಸೈಟೊಅನಲೈಸರ್' ಎಂಬ ಯಂತ್ರ ಬಂತು. ಕ್ಯಾನ್ಸರ್ ಕೋಶದ ನ್ಯೂಕ್ಲಿಯಸ್ (ಕೋಶಕೇಂದ್ರ) ದೊಡ್ಡದು, ಬಣ್ಣವೂ ಗಾಢ. ಇವೆರಡನ್ನು ಅಳೆದರೆ ಸಾಕು ಎಂಬುದು ಲೆಕ್ಕಾಚಾರ. ಆದರೆ ಒಂದರ ಮೇಲೊಂದು ಕುಳಿತ ಬಿಳಿ ರಕ್ತಕಣಗಳ ಗುಂಪೂ ಅದಕ್ಕೆ ದೊಡ್ಡ, ಗಾಢ ನ್ಯೂಕ್ಲಿಯಸ್ಸಾಗಿಯೇ ಕಂಡಿತು. ಸುಳ್ಳು ಎಚ್ಚರಿಕೆ ವಿಪರೀತವಾಗಿ ಯಂತ್ರ ಮೂಲೆ ಸೇರಿತು. ಅಕ್ಕಿಯನ್ನು ಮೊರದಲ್ಲಿ ಹರಡದೆ ಗುಡ್ಡೆಯಲ್ಲೇ ಕಲ್ಲು ಆರಿಸಲು ಹೊರಟಂತೆ! ಮುಂದಿನ ದಶಕಗಳಲ್ಲಿ ಕಂಪ್ಯೂಟರ್ ಚುರುಕಾಯಿತು, ಗುಡ್ಡೆ ಗುಡ್ಡೆಯಾಗಿಯೇ ಉಳಿಯಿತು.

1987ರಲ್ಲಿ ಅಮೆರಿಕದ ಪತ್ರಿಕಾ ವರದಿಯೊಂದು ಕೆಲವು ಲ್ಯಾಬುಗಳ ಹುಳುಕನ್ನು ಹೊರಗೆಳೆಯಿತು. ದಣಿದ ತಂತ್ರಜ್ಞರು ಸ್ಲೈಡುಗಳ ಮೇಲೆ ಕಣ್ಣಾಡಿಸಿ ಬಿಡುತ್ತಿದ್ದರು, ಕ್ಯಾನ್ಸರ್ ತಪ್ಪಿಹೋಗುತ್ತಿತ್ತು. ಮರುವರ್ಷವೇ ಕಾನೂನು ಬಂತು. ಅದರಡಿ ಒಬ್ಬರು ದಿನಕ್ಕೆ ನೋಡಬಹುದಾದ ಸ್ಲೈಡುಗಳ ಮಿತಿ 100 ಎಂದಾಯಿತು. ಯಂತ್ರಕ್ಕೆ ಮತ್ತೆ ಬೆಲೆ ಬಂದದ್ದು ಆಗ. 1995ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಪ್ಯಾಪ್‌ನೆಟ್ ಯಂತ್ರ, ಉದಾಹರಣೆಗಳಿಂದ ಕಲಿಯುವ ಸಾಫ್ಟ್‌ವೇರಾದ ನ್ಯೂರಲ್ ನೆಟ್‌ವರ್ಕ್ ಬಳಸಿ ಪ್ರತಿ ಸ್ಲೈಡಿನಿಂದ 128 ಚಿತ್ರಗಳನ್ನು ಆರಿಸಿ ಪರದೆಗೆ ತರುತ್ತಿತ್ತು. ತೀರ್ಪು ಮಾತ್ರ ಮನುಷ್ಯರದ್ದೇ. ಅದನ್ನು ತಯಾರಿಸಿದ ಕಂಪನಿ 1999ರಲ್ಲಿ ದಿವಾಳಿಯಾಯಿತು.

ನಿಜವಾದ ತಿರುವು, ನನ್ನ ಪ್ರಕಾರ, ಸಾಫ್ಟ್‌ವೇರಿನಲ್ಲಿ ಇರಲೇ ಇಲ್ಲ. 1996ರಲ್ಲಿ ಒಪ್ಪಿಗೆ ಸಿಕ್ಕ ಥಿನ್‌ಪ್ರೆಪ್ ವಿಧಾನದಲ್ಲಿ ಮಾದರಿಯನ್ನು ನೇರವಾಗಿ ಗಾಜಿಗೆ ಸವರುವುದಿಲ್ಲ. ದ್ರಾವಣದಲ್ಲಿ ಅದ್ದಿ, ಸೋಸಿ, ಕೋಶಗಳನ್ನು ತೆಳ್ಳಗೆ ಒಂದು ಪದರವಾಗಿ ಹರಡುತ್ತಾರೆ. ಕೊನೆಗೂ ಮೊರ ಬಂತು! 2003ರಲ್ಲಿ ಇದಕ್ಕೆ ಜೋಡಿಯಾದ ಇಮೇಜರ್ ಎಂಬ ಯಂತ್ರ ಸ್ಲೈಡಿನ 22 ಜಾಗಗಳನ್ನು ಗುರುತಿಸಿ ಕೊಡುತ್ತದೆ. ಅಲ್ಲಿ ಅನುಮಾನ ಬಂದರೆ ತಂತ್ರಜ್ಞರು ಇಡೀ ಸ್ಲೈಡನ್ನೇ ನೋಡಬೇಕು.

ಅಷ್ಟರಲ್ಲಿ ಪರೀಕ್ಷೆಯೇ ಬೇರೆ ದಾರಿ ಹಿಡಿಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ತಪಾಸಣೆಗೆ, ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಡಿಎನ್‌ಎ ಪರೀಕ್ಷೆಯನ್ನು ಶಿಫಾರಸು ಮಾಡಿತು. ಭಾರತ ಸರ್ಕಾರದ 2016ರ ಮಾರ್ಗಸೂಚಿಯಂತೂ ಆರಿಸಿಕೊಂಡದ್ದು ಇನ್ನೂ ಸರಳ ವಿಧಾನವನ್ನು: ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ, ಎಲ್ಲಾದರೂ ಬಿಳಿಚಿದೆಯೇ ಎಂದು ಬರಿಗಣ್ಣಿನಲ್ಲೇ ನೋಡುವುದು.