ಶಾತೋ ಲಾತೂರ್: ಕಲ್ಲುನೆಲದ ಚೊಗರು

ಅಡಿಕೆ ಹೋಳು ಜಗಿದಾಗ ನಾಲಿಗೆ ಒರಟಾಗುತ್ತದಲ್ಲ, ಅದೇ ಚೊಗರು ಕ್ಯಾಬರ್ನೆ ಸೊವಿನ್ಯೋ ಎಂಬ ದ್ರಾಕ್ಷಿಯ ಹೊಸ ವೈನಿನಲ್ಲೂ ಇರುತ್ತದೆ. ಎರಡರಲ್ಲೂ ಇರುವುದು ಟ್ಯಾನಿನ್. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ಕಳೆಯುತ್ತದೆ. ಫ್ರಾನ್ಸಿನ ಶಾತೋ ಲಾತೂರ್ ಎಂಬ ದ್ರಾಕ್ಷಿ ತೋಟದಲ್ಲಿ ನಡೆಯುವ ಹೆಚ್ಚಿನ ಕೆಲಸವೆಲ್ಲ ಈ ಚೊಗರನ್ನು ಹದಕ್ಕೆ ತರುವುದಕ್ಕೇ.

ಬೋರ್ಡೋ ನಗರದ ಉತ್ತರಕ್ಕಿರುವ ಪೊಯಾಕ್ ಊರಿನ ಈ ತೋಟ, ಬೋರ್ಡೋ ವೈನುಗಳ 1855ರ ವರ್ಗೀಕರಣದಲ್ಲಿ ಮೊದಲ ದರ್ಜೆ ಪಡೆದ ನಾಲ್ಕರಲ್ಲಿ ಒಂದು. ಹೆಸರು ಬಂದದ್ದು ಹಳೆಯ ಕೋಟೆಯ ಗೋಪುರದಿಂದ. ಈಗ ಅಲ್ಲಿ ಕಾಣುವ ದುಂಡು ಗೋಪುರ ಮಾತ್ರ 17ನೆಯ ಶತಮಾನದ ಪಾರಿವಾಳದ ಗೂಡು.

ಮುಖ್ಯ ವೈನಿಗೆ ಹಣ್ಣು ಬರುವುದು ಮನೆಯ ಸುತ್ತಲಿನ 47 ಹೆಕ್ಟೇರಿನ 'ಲಾಂಕ್ಲೋ' ಎಂಬ ತಾಕಿನಿಂದ. ಮೇಲೆ ನದಿ ಹೊತ್ತು ತಂದ ಬೆಣಚುಕಲ್ಲು, ಅಡಿಯಲ್ಲಿ ಜೇಡಿಮಣ್ಣು. ಮಳೆನೀರು ಕಲ್ಲುಗಳ ನಡುವೆ ಸರ್ರನೆ ಇಳಿದುಹೋಗುತ್ತದೆ. ಬಳ್ಳಿ ಬೇರನ್ನು ಆಳಕ್ಕೆ ಇಳಿಸಿ, ಜೇಡಿ ಹಿಡಿದಿಟ್ಟ ತೇವವನ್ನು ಸ್ವಲ್ಪಸ್ವಲ್ಪವೇ ಹೀರಬೇಕು. ಹಣ್ಣಿಗೆ ಬಣ್ಣ ಬರುವ ಹೊತ್ತಿಗೆ ನೀರು ತುಸು ಕಡಿಮೆಯಾದರೆ ಚಿಗುರು ನಿಲ್ಲುತ್ತದೆ, ಸಕ್ಕರೆಯೆಲ್ಲ ಗೊಂಚಲಿಗೆ ಹರಿಯುತ್ತದೆ, ಹಣ್ಣು ಸಣ್ಣದಾಗಿಯೇ ಉಳಿಯುತ್ತದೆ. ಸಣ್ಣ ಹಣ್ಣಿನಲ್ಲಿ ರಸದ ಲೆಕ್ಕಕ್ಕೆ ಸಿಪ್ಪೆ ಹೆಚ್ಚು, ಬಣ್ಣ ಇರುವುದೇ ಸಿಪ್ಪೆಯಲ್ಲಿ, ಟ್ಯಾನಿನ್ನೂ ಅಲ್ಲಿ ಸಾಕಷ್ಟಿದೆ. ನೀರು ಜಾಸ್ತಿಯಾಗಿ ಹಣ್ಣು ಬಲಿಯದೆ ಹೋದರೆ ವೈನು ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ ಹೊಡೆಯುತ್ತದೆ. ಪೈರಜೀನ್ ಎಂಬ ಒಂದೇ ಗುಂಪಿನ ವಸ್ತು ಎರಡರಲ್ಲೂ ಇದೆ. ಪಕ್ಕದಲ್ಲೇ ಹರಿಯುವ ಜಿರೋಂದ್ ಅಳಿವೆ, ಹಿಮ ಬೀಳುವ ರಾತ್ರಿ ಗಾಳಿಯನ್ನು ಒಂದೆರಡು ಡಿಗ್ರಿ ಬೆಚ್ಚಗಿಡುತ್ತದೆ, ಎಳೆ ಚಿಗುರು ಉಳಿಯಲು ಎಷ್ಟೋ ಸಲ ಅಷ್ಟೇ ಸಾಕು.

ಕೊಯ್ದ ಹಣ್ಣಿನ ತೊಟ್ಟು ಬಿಡಿಸಿ, ತುಸು ಒಡೆದು ಟ್ಯಾಂಕಿಗೆ ತುಂಬುತ್ತಾರೆ. ಲಾತೂರಿಗೆ ಸ್ಟೀಲ್ ಟ್ಯಾಂಕ್ ಬಂದದ್ದು 1964ರಲ್ಲಿ. ಹೊರಗೋಡೆಗೆ ನೀರು ಹರಿಸಿ ತಣಿಸಬಹುದಾದ್ದರಿಂದ ಕಾವು ಕೈಯಲ್ಲಿರುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಯೀಸ್ಟ್ ಶೇ. 1ರಷ್ಟು ಆಲ್ಕೊಹಾಲ್ ಮಾಡುತ್ತದೆ. 220 ಗ್ರಾಂ ಇದ್ದರೆ ಶೇ. 13. ಕಾವು 28–30 ಡಿಗ್ರಿ ಇದ್ದರೆ ಒಳ್ಳೆಯದು. 35 ದಾಟಿತೋ ಯೀಸ್ಟ್ ಸೋಲುತ್ತದೆ, ಉಳಿದ ಸಕ್ಕರೆಗೆ ಬ್ಯಾಕ್ಟೀರಿಯಾ ಬಾಯಿ ಹಾಕಿ ಹುಳಿ ಹಿಡಿಸುತ್ತದೆ. ರಸ ಹುದುಗುವಾಗ ಏಳುವ ಗ್ಯಾಸಿನ ಒತ್ತಡಕ್ಕೆ ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಪದರ ಕಟ್ಟುತ್ತದೆ. ಅಡಿಯಿಂದ ರಸ ತೆಗೆದು ಅದರ ಮೇಲೆ ಸುರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಪದರ ಒಣಗಿ ವಿನೆಗರ್ ವಾಸನೆ ಏಳುತ್ತದೆ. ಬಣ್ಣ ಮೊದಲ ಕೆಲವೇ ದಿನಗಳಲ್ಲಿ ಬಿಡುತ್ತದೆ. ಬೀಜದ ಟ್ಯಾನಿನ್‌ಗೆ ಆಲ್ಕೊಹಾಲ್ ಬೇಕು, ಅದು ನಿಧಾನ. ಸುಮಾರು ಮೂರು ವಾರಕ್ಕೆ ಸಿಪ್ಪೆ ಬೇರ್ಪಡಿಸುತ್ತಾರೆ. ಯಾವ ದಿನ ಎನ್ನುವುದನ್ನು ನಾಲಿಗೆಯೇ ಹೇಳಬೇಕು, ಯಂತ್ರ ಹೇಳಲಾರದು.

ಆಮೇಲೆ 225 ಲೀಟರಿನ ಓಕ್ ಪೀಪಾಯಿಯಲ್ಲಿ ಸುಮಾರು 18 ತಿಂಗಳು. ಮರದ ಮೂಲಕ ಅತಿ ಸಣ್ಣ ಪ್ರಮಾಣದಲ್ಲಿ ಆಮ್ಲಜನಕ ಒಳಹೋಗಿ, ಟ್ಯಾನಿನ್ ಬಣ್ಣದ ಅಣುಗಳೊಂದಿಗೆ ಬೆಸೆದು ಚೊಗರು ಮೆತ್ತಗಾಗುತ್ತದೆ. ಆವಿಯಾದಷ್ಟನ್ನೂ ಮತ್ತೆ ತುಂಬಬೇಕು. ತುಂಬದೆ ಬಿಟ್ಟರೆ ಗಾಳಿ ಕೂತು ವೈನು ಹುಳಿಯುತ್ತದೆ; ಪೀಪಾಯಿ ಶುಚಿಯಿಲ್ಲದಿದ್ದರೆ ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಸೇರಿ ಕುದುರೆ ಲಾಯದ ವಾಸನೆ ತರುತ್ತದೆ. ಬಾಟಲಿಗೆ ತುಂಬುವ ಮೊದಲು ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿಲೋಳೆ ಕಲಸುವುದು ಈ ಸೀಮೆಯ ಹಳೆಯ ರೂಢಿ. ಬಾಯಲ್ಲಿ ಜೊಲ್ಲಿಗೆ ಅಂಟುವ ಒರಟು ಟ್ಯಾನಿನ್ ಇಲ್ಲಿ ಮೊಟ್ಟೆಯ ಪ್ರೋಟೀನಿಗೆ ಅಂಟಿ ತಳ ಸೇರುತ್ತದೆ.

ಬಾಟಲಿಯಲ್ಲೂ ಈ ಬೆಸುಗೆ ನಿಲ್ಲುವುದಿಲ್ಲ. ಇಪ್ಪತ್ತು ಮೂವತ್ತು ವರ್ಷದಲ್ಲಿ ಭಾರವಾದ ಅಣುಗಳು ಕಪ್ಪು ಚರಟವಾಗಿ ಇಳಿಯುತ್ತವೆ. ಅಂಥ ಬಾಟಲಿಯನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ಹಳೆಯ ಬಿರಡೆ ಪುಡಿಯಾಗುವಂಥದ್ದು, ತಿರುಪು ಹಾಕಿ ಎಳೆಯುವ ಬದಲು ಎರಡು ಅಲಗಿನ ಚಿಮಟ ಇಳಿಸಿ ತಿರುಗಿಸುತ್ತಾ ಮೇಲೆತ್ತಿ. ಬಾಟಲಿಯ ಕತ್ತಿನ ಹಿಂದೆ ದೀಪವಿಟ್ಟು, ಕೈ ಅಲುಗಿಸದೆ ಒಂದೇ ಧಾರೆಯಲ್ಲಿ ಬೇರೆ ಪಾತ್ರೆಗೆ ಬಗ್ಗಿಸಿ. ಬೆಳಕಿನಲ್ಲಿ ಕತ್ತಿನ ಕಡೆಗೆ ಕಪ್ಪು ಎಳೆಯೊಂದು ಹರಿದು ಬರುವುದು ಕಂಡ ಕೂಡಲೇ ನಿಲ್ಲಿಸಿ; ತಳದಲ್ಲಿ ಎರಡು ಬೆರಳಿನಷ್ಟು ಉಳಿದರೆ ಉಳಿಯಲಿ.