ಅಂಗಡಿ ಮನೆ, ಭೂಪಟ, ಸುರಿದ ಬಣ್ಣ

ದಕ್ಷಿಣ ಅಮೆರಿಕದ ಗಯಾನಾದ ನ್ಯೂ ಆಮ್‌ಸ್ಟರ್‌ಡ್ಯಾಮ್ ಪಟ್ಟಣದಲ್ಲಿ ಚಿತ್ರಕಾರ ಫ್ರಾಂಕ್ ಬೌಲಿಂಗ್ ಅವರ ತಾಯಿ ‘ಬೌಲಿಂಗ್ಸ್ ವೆರೈಟಿ ಸ್ಟೋರ್’ ನಡೆಸುತ್ತಿದ್ದರು. ಮನೆಯೂ ಅದೇ. ಆ ಕಟ್ಟಡದ 1953ರ ಫೋಟೊ ಒಂದನ್ನು ಸಿಲ್ಕ್‌ಸ್ಕ್ರೀನ್ (ಜಾಲರಿಯ ಮೂಲಕ ಬಣ್ಣ ಒತ್ತುವ ಅಚ್ಚು) ಮಾಡಿಸಿಕೊಂಡು ಬೌಲಿಂಗ್ ತಮ್ಮ ಕ್ಯಾನ್ವಾಸುಗಳ ಮೇಲೆ ಮತ್ತೆ ಮತ್ತೆ ಅಚ್ಚೊತ್ತಿದರು. 1966ರ ‘ಕವರ್ ಗರ್ಲ್’ ಚಿತ್ರದಲ್ಲಿ ರೂಪದರ್ಶಿಯೊಬ್ಬಳ ಹಿಂದೆ ಆ ಮನೆ ನೆರಳಿನಂತೆ ನಿಂತಿದೆ. ಮುಂದೆ ಮನೆ ಹೋಗಿ ಖಂಡದ ಭೂಪಟ ಬಂತು. ಅದೂ ಹೋಗಿ ಬರೀ ಬಣ್ಣ ಉಳಿಯಿತು. ವಲಸೆ ಅಮೂರ್ತ ಚಿತ್ರದೊಳಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

1934ರಲ್ಲಿ ಹುಟ್ಟಿದ ಬೌಲಿಂಗ್ 19ನೇ ವಯಸ್ಸಿಗೆ ಲಂಡನ್ ಸೇರಿದರು. 1962ರಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಬೆಳ್ಳಿ ಪದಕ. ಚಿನ್ನ ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿಗೆ. 1966ರ ಮೇ 26ರಂದು ಗಯಾನಾ ಸ್ವತಂತ್ರವಾಯಿತು, ಅದೇ ವರ್ಷ ಅವರು ನ್ಯೂಯಾರ್ಕಿಗೆ ಹೊರಟರು. ಲಂಡನ್ನಿನಲ್ಲಿ ‘ಕೆರಿಬಿಯನ್ ಕಲಾವಿದ’ ಎಂಬ ಹಣೆಪಟ್ಟಿಯ ಕಾಟವಾದರೆ, ನ್ಯೂಯಾರ್ಕಿನಲ್ಲಿ ಕಪ್ಪು ಕಲಾವಿದರು ಹೋರಾಟವನ್ನೇ ಚಿತ್ರಿಸಬೇಕೆಂಬ ಒತ್ತಾಯ. ಆರ್ಟ್ಸ್ ಮ್ಯಾಗಜೀನ್‌ನಲ್ಲಿ ಬರೆಯುತ್ತ ಅವರು ಈ ಕಟ್ಟುಪಾಡನ್ನು ಒಪ್ಪಲಿಲ್ಲ.

1967ರಿಂದ 1971ರವರೆಗಿನ ನಕ್ಷೆಚಿತ್ರಗಳು ಆ ಇಕ್ಕಟ್ಟಿನಲ್ಲಿ ಹುಟ್ಟಿದವು. ಎಪಿಡಯಾಸ್ಕೋಪ್ ಎಂಬ ಪ್ರೊಜೆಕ್ಟರಿನಿಂದ ಭೂಪಟದ ಗೆರೆ ಹಿಡಿಯುವುದು, ಕೊರೆಯಚ್ಚಿನ ಮೇಲೆ ಬಣ್ಣ ಸಿಂಪಡಿಸುವುದು, ಅದರ ಮೇಲೆ ನೀರು ಬೆರೆಸಿ ತೆಳುವಾಗಿಸಿದ ಅಕ್ರಿಲಿಕ್ ಬಣ್ಣ ಹರಿಸುವುದು: ಪದರದ ಮೇಲೆ ಪದರ. ಇಂಥ ಕೆಲಸದಲ್ಲಿ ನೀರಿನ ಅಳತೆಯೇ ಎಲ್ಲ. ಬಣ್ಣ ನೀರಾದರೆ ಅಚ್ಚಿನ ಅಂಚಿನಡಿಗೆ ನುಸುಳಿ ಗೆರೆ ಕದಡುತ್ತದೆ. ನೀರು ಮಿತಿ ಮೀರಿದರೆ ಅಂಟು ಸಾಲದೆ ಬಣ್ಣ ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಅಸ್ತರಿಲ್ಲದ, ಅಂದರೆ ತಳಲೇಪ ಹಚ್ಚದ, ಹತ್ತಿಬಟ್ಟೆಗೆ ತೈಲವರ್ಣ ಇಳಿಸಿದರೆ ಎಣ್ಣೆ ಕಾಲಕ್ರಮೇಣ ಬಟ್ಟೆಯನ್ನೇ ತಿನ್ನುತ್ತದೆ. ಅಕ್ರಿಲಿಕ್‌ಗೆ ಆ ದೋಷವಿಲ್ಲ.

1968ರ ‘ಹೂಸ್ ಅಫ್ರೈಡ್ ಆಫ್ ಬಾರ್ನಿ ನ್ಯೂಮನ್’ (ಬಾರ್ನಿ ನ್ಯೂಮನ್‌ಗೆ ಹೆದರುವವರಾರು) ನೋಡಿ. ಅಮೆರಿಕದ ಚಿತ್ರಕಾರ ಬಾರ್ನೆಟ್ ನ್ಯೂಮನ್ ಕೆಂಪು, ಹಳದಿ, ನೀಲಿಯನ್ನು ಹೆಸರಿಸಿ ಮಾಡಿದ್ದ ಚಿತ್ರಮಾಲೆಗೆ ಇದು ಕೊಟ್ಟ ಮರುಮಾತು. ಬೌಲಿಂಗ್ ನೀಲಿಯನ್ನು ಎತ್ತಿ ಹಸಿರನ್ನಿಟ್ಟರು. ಕೆಂಪು, ಹಳದಿ, ಹಸಿರು ಮೂರೂ ಗಯಾನಾ ಬಾವುಟದಲ್ಲಿವೆ. ಈ ಬಣ್ಣಗಳ ಪಟ್ಟಿಗಳ ನಡುವೆ ದಕ್ಷಿಣ ಅಮೆರಿಕದ ಗೆರೆ ಕಂಡೂ ಕಾಣದಷ್ಟು ಮಸುಕು. ಮೊಬೈಲಿನಲ್ಲಿ ನೋಡಿದವರಿಗೆ ಬರೀ ಪಟ್ಟಿ ಕಂಡರೆ ಅಚ್ಚರಿಯಿಲ್ಲ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಈ ನಕ್ಷೆಗಳ ಏಕವ್ಯಕ್ತಿ ಪ್ರದರ್ಶನ ನಡೆಸಿತು.

1973ರಲ್ಲಿ ನಕ್ಷೆಯೂ ಮಾಯ. ಬೇಕಾದಷ್ಟು ಓರೆ ಮಾಡಬಲ್ಲ ಹಲಗೆಯೊಂದನ್ನು ಮಾಡಿಕೊಂಡು, ಅದಕ್ಕೆ ಕ್ಯಾನ್ವಾಸ್ ಬಿಗಿದು, ಎರಡು ಮೀಟರ್‌ವರೆಗಿನ ಎತ್ತರದಿಂದ ಬಣ್ಣ ಸುರಿದರು. ಓರೆ ಹೆಚ್ಚಿದರೆ ಬಣ್ಣ ಬೆರೆಯುವ ಮೊದಲೇ ಜಾರಿಬಿಡುತ್ತದೆ, ಕಡಿಮೆಯಾದರೆ ಮಡುಗಟ್ಟುತ್ತದೆ. ಮಡುಗಟ್ಟಿದ ಕಡೆ ಮೇಲ್ಪದರ ಮೊದಲು ಒಣಗಿ, ಒಳಗಿನ ತೇವ ಆರುತ್ತ ಕುಗ್ಗಿದಾಗ ಬಿರುಕು ಬೀಳುತ್ತದೆ. ಈ ಧಾರೆಗಳಲ್ಲಿ ಗಯಾನಾದ ನದಿಗಳನ್ನು ಹುಡುಕುವವರಿದ್ದಾರೆ. ಅದು ಸ್ವಲ್ಪ ಅತಿ. ಬಣ್ಣ ಎಲ್ಲಿ ನಿಲ್ಲಬೇಕೆಂದು ಇಲ್ಲಿ ತೀರ್ಮಾನಿಸುವುದು ಅದರ ತೂಕ ಮತ್ತು ಹಲಗೆಯ ಓರೆ.

1975ರಲ್ಲಿ ಲಂಡನ್ನಿಗೆ ಮರಳಿದರೂ ನ್ಯೂಯಾರ್ಕಿನ ನಂಟು ಬಿಡದೆ ಎರಡೂ ನಗರಗಳಲ್ಲಿ ಕೆಲಸ ಮಾಡಿದರು. 1980ರ ದಶಕದ ದಪ್ಪ ಬಣ್ಣದೊಳಗೆ ಚಿಪ್ಪು, ಪ್ಲಾಸ್ಟಿಕ್ ಆಟಿಕೆ, ಫೋಮ್ ಪಟ್ಟಿಗಳು ಸೇರಿಕೊಂಡವು.