ಮಣ್ಣಿನ ಗೋಡೆ ಒದ್ದೆಯಾದರೆ ಮೊದಲು ನೀರಿನ ದಾರಿ ಹುಡುಕಿ

"ಮಣ್ಣಿನ ಮನೆ ಅಂದ್ಮೇಲೆ ಇಷ್ಟು ತೇವ ಇದ್ದದ್ದೇ ಸಾರ್" ಎಂದರು ಕಾಂಟ್ರಾಕ್ಟರ್. "ಬ್ಲಾಕಿಗೆ ಸಿಮೆಂಟೇ ಹಾಕಿಲ್ಲ ಇವರು" ಎಂದರು ಮನೆಯವರು. ಬೆಂಗಳೂರಿನ ಹೊರವಲಯದ ಆ ಮನೆಗೆ ನಾನು ಹೋದಾಗ ಕೊನೆಯ ಕಂತು ನಿಂತು ನಾಲ್ಕು ತಿಂಗಳಾಗಿತ್ತು.

ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕಿನ ಗೋಡೆ, ಕಾಂಕ್ರೀಟಿನೊಳಗೆ ಮಂಗಳೂರು ಹೆಂಚು ಹುದುಗಿಸಿದ ತಾರಸಿ, ಅಂದರೆ ಫಿಲ್ಲರ್ ಸ್ಲ್ಯಾಬ್. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ದಶಕಗಳ ಕಾಲ ದುಡಿದು ಗಟ್ಟಿ ಮಾಡಿದ ವಿದ್ಯೆ ಇದು. ಶೇ. 7–8ರಷ್ಟು ಸಿಮೆಂಟ್ ಹಾಕಿ, ಚೆನ್ನಾಗಿ ಕ್ಯೂರಿಂಗ್ ಮಾಡಿದ (ಒದ್ದೆಯಾಗಿಟ್ಟು ಗಟ್ಟಿಯಾಗಲು ಬಿಟ್ಟ) ಬ್ಲಾಕು ಮಳೆಗೆ ಕರಗುವುದಿಲ್ಲ. ಅಂಗಳದಲ್ಲಿ ಉಳಿದಿದ್ದ ಒಂದನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆವು. ಬೆಳಿಗ್ಗೆ ಅಂಚು ಹಾಗೇ ಇತ್ತು. ಅರ್ಧ ಜಗಳ ಅಲ್ಲೇ ತಣ್ಣಗಾಯಿತು.

ಆಮೇಲೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಒದ್ದೆ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ ಒಂದು ದಿನ ಬಿಟ್ಟೆವು. ಹನಿ ಹಾಳೆಯ ಹಿಂದೆ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಮುಂದೆ ಕಂಡರೆ ಅದು ಕೋಣೆಯ ಗಾಳಿಯ ತೇವ. ಹಿಂದೆಯೇ ಇತ್ತು. ಹೊರಗಿನಿಂದ ಪೈಪಿನಲ್ಲಿ ಸಣ್ಣಗೆ ನೀರು ಬಿಟ್ಟೆವು. ಕೆಳಗಿನಿಂದ ಶುರುಮಾಡಿ, ಒಂದೊಂದು ಮಟ್ಟಕ್ಕೆ ಇಪ್ಪತ್ತು ನಿಮಿಷ ಕಾದು ಮೇಲೆ ಹೋಗಬೇಕು. ಮೇಲಿನಿಂದ ಸುರಿದರೆ ನೀರು ಎಲ್ಲಿ ಹೊಕ್ಕಿತೆಂದು ದೇವರಿಗೂ ಗೊತ್ತಾಗದು. ಕಿಟಕಿಯ ಮಟ್ಟದಲ್ಲಿ ಏನಿಲ್ಲ, ಸಜ್ಜದಲ್ಲಿ ಏನಿಲ್ಲ. ತಾರಸಿಯೂ ಅದರ ಅಂಚಿನ ಗಿಡ್ಡ ಗೋಡೆ ಪ್ಯಾರಪೆಟ್ಟೂ ಕೂಡುವ ಮೂಲೆಗೆ ಬಂದಾಗ ಒಳಗೆ ಕಲೆ ಮೂಡಿತು.

ಆ ಮೂಲೆಯನ್ನು ಗಾರೆಯಿಂದ ದುಂಡಗೆ ಮುಚ್ಚದಿದ್ದುದು ಕಾಂಟ್ರಾಕ್ಟರ್ ತಪ್ಪು. ಪ್ಯಾರಪೆಟ್ ನೆತ್ತಿಗೆ ಇಳಿಜಾರಾಗಿ ಕಲ್ಲು ಹೊದಿಸುವುದನ್ನು ಖರ್ಚು ಉಳಿಸಲು ಬೇಡವೆಂದದ್ದು ಮನೆಯವರೇ. ಹಾಗೆಂದು ಅವರು ಕಳಿಸಿದ್ದ ವಾಟ್ಸ್ಆ್ಯಪ್ ಸಂದೇಶ ಸಿಕ್ಕಿತು. ಎಲ್ಲಕ್ಕಿಂತ ನನಗೆ ಸಂಕಟವಾದದ್ದು ಒಳಗೋಡೆಗೆ ಬಳಿದಿದ್ದ ವಾಟರ್‌ಪ್ರೂಫ್ ಪೇಂಟ್. ಅದು ನೀರು ಬರುವುದನ್ನು ತಡೆಯಲಿಲ್ಲ, ಗೋಡೆ ಒಣಗುವುದನ್ನು ತಡೆಯಿತು. ಪೇಂಟ್ ಕೆರೆದು, ಪೂರ್ತಿ ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿದೆವು.

ಪತ್ತೆಯಾದದ್ದನ್ನೆಲ್ಲ ತಾರೀಖು, ಫೋಟೊ ಸಮೇತ ಒಂದೇ ಹಾಳೆಯಲ್ಲಿ ಬರೆದು ಇಬ್ಬರ ಸಹಿ ಹಾಕಿಸಿದೆ. ಮೂಲೆಯ ರಿಪೇರಿ ಕಾಂಟ್ರಾಕ್ಟರದು, ನೆತ್ತಿಯ ಕಲ್ಲು ಮನೆಯವರದು.

ಹೀಗೆ ಬಗೆಹರಿಯದಿದ್ದರೆ? ಬಹಳ ಜನ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ ಎನ್ನುತ್ತಾರೆ. ಅದರಲ್ಲಿ ಹೇಳಿರುವ 5 ವರ್ಷದ ಹೊಣೆ ಫ್ಲ್ಯಾಟ್ ಮಾರುವ ಬಿಲ್ಡರ್‌ಗಳದ್ದು. ನಮ್ಮ ಸ್ವಂತ ಸೈಟಿನಲ್ಲಿ ಮನೆ ಕಟ್ಟಿಕೊಟ್ಟ ಕಾಂಟ್ರಾಕ್ಟರ್ ಮೇಲೆ ಅದು ನಡೆಯದು. ಇಂಥ ಮನೆಯವರಿಗೆ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮನೆ ಕಟ್ಟುವುದೂ ಅದರಲ್ಲಿ ಸೇವೆಯೇ. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಆದರೆ ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ. ಅಲ್ಲಿಯೂ ಮೊದಲು ಬೇಕಾಗುವುದು ಆ ಸಹಿ ಹಾಕಿದ ಹಾಳೆಯಂಥದ್ದೇ.

ಈ ಮನೆಯಲ್ಲಿ ಕೊನೆಯ ಕಂತಿನ ಅರ್ಧವನ್ನು ರಿಪೇರಿ ಮುಗಿದ ದಿನ ಕೊಟ್ಟರು, ಉಳಿದರ್ಧವನ್ನು ಒಂದು ಮಳೆಗಾಲ ಕಳೆದ ಮೇಲೆ.